ಅವ್ವನ ಒಡಪಿಗೆ ನಿಮ್ಮ ಪರವಾನಗಿ

ಸರಕಾರಿ ಹಣದ ಪುಸ್ತಕಗಳನ್ನೂ ಅವುಗಳ ಕೃತಿಸ್ವಾಮ್ಯವನ್ನೂ ಹಗಲಿರುಳು ಕಾಯುತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮ ಅವ್ವ ನಾಲ್ಕು ಸಾಲಿನ ಒಂದು ಒಡಪನ್ನು ಇನ್ನು ಮುಂದೆ ಯಾರ ಎದುರಿಗೂ ಹೇಳಕೂಡದೆಂದು ನಿಮ್ಮ ಕಚೇರಿಯಿಂದ ನೋಟಿಸು ಬಂದಿದೆ. ಒಡಪನ್ನು ಕಟ್ಟಿದವಳು ಅವಳೇ. ಅದರಲ್ಲಿರುವ ಹೆಸರು ಅವಳ ಗಂಡನದು, ಅಂದರೆ ನಮ್ಮ ಅಪ್ಪನದು. ಹಕ್ಕು ಮಾತ್ರ ನಿಮ್ಮದಂತೆ. ಪುಸ್ತಕ ಪ್ರಕಟವಾದಂದಿನಿಂದ ಅರವತ್ತು ವರ್ಷ ಅದು ನಿಮ್ಮದಾಗಿಯೇ ಇರುತ್ತದೆ ಎಂದು ಕಾಯಿದೆಯ ಕಲಮು ಸಮೇತ ತಿಳಿಸಿದ್ದೀರಿ. ಅವ್ವನಿಗೆ ಈಗಲೇ ಎಪ್ಪತ್ತು ದಾಟಿದೆ. ಅವಧಿ ಮುಗಿದ ಬಳಿಕ ಅವಳು ಎಲ್ಲಿ ಬೇಕಾದರೂ ಧಾರಾಳವಾಗಿ ಹೇಳಿಕೊಳ್ಳಬಹುದಲ್ಲ, ಆ ಔದಾರ್ಯಕ್ಕೆ ಮೊದಲು ಕೃತಜ್ಞತೆ ಸಲ್ಲಿಸಿ ಉಳಿದ ಮಾತಿಗೆ ಬರುತ್ತೇನೆ.

ಒಡಪು ಎಂದರೇನೆಂದು ನಿಮಗೆ ಗೊತ್ತಿರಬೇಕು, ಅದರ ಮೇಲೆ ಪುಸ್ತಕವನ್ನೇ ತಂದವರು ನೀವು. ಆದರೂ ಗೊತ್ತಿಲ್ಲವೆಂಬ ಗಟ್ಟಿ ಅನುಮಾನ ನನಗಿದೆ. ನಮ್ಮ ಕಡೆ, ಗೋಕಾಕ, ಮೂಡಲಗಿ, ಹುಕ್ಕೇರಿಯ ಸುತ್ತಮುತ್ತ, ನನ್ನ ತಾಯಿಯ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ನೇರವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ರೇಶನ್ ಅಂಗಡಿಯವನು ಕೇಳಿದರೂ ಬಾಜೂ ನಿಂತವರ ಮುಖ ನೋಡುತ್ತಾರೆ, ನಿಂತವರು ಹೇಳುತ್ತಾರೆ. ಮದುವೆ, ಬಸುರಿಗೆ ಮಾಡುವ ಕುಬಸ, ತೊಟ್ಟಿಲ ಕಾರ್ಯದಲ್ಲಿ ಮಾತ್ರ ಉಳಿದ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಹೆಸರು ಹೇಳೆಂದು ಕಾಡುತ್ತಾರೆ. ಆಗ ಪ್ರಾಸ ಹಾಕಿ ನಾಲ್ಕು ಸಾಲು ಕಟ್ಟಿ, ಗಂಡನನ್ನು ಒಂದಿಷ್ಟು ಹೊಗಳಿ, ಒಂದಿಷ್ಟು ಚೇಷ್ಟೆ ಮಾಡಿ, ಕೊನೆಗೆ ಹೆಸರನ್ನು ಸೇರಿಸಿ ಹೇಳಿ ಒಳಗೆ ನಡೆಯುತ್ತಾರೆ. ಇದು ಒಡಪು. ಒಬ್ಬ ಹೆಂಗಸು ತನ್ನ ಗಂಡನ ಹೆಸರನ್ನು ಗಟ್ಟಿಯಾಗಿ ಉಚ್ಚರಿಸಬಹುದಾದ ಜಾಗ ಇದೊಂದೇ. ಇಡೀ ಕನ್ನಡ ಭಾಷೆಯಲ್ಲಿ ಬೀಗ ಹಾಕಲು ನಿಮಗೆ ಸಿಕ್ಕ ಬಾಗಿಲೂ ಇದೊಂದೇ ಏನು?

ನಾನು ಮೂಡಲಗಿಯಲ್ಲಿ ಕಾಲೇಜಿನ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು. ನಿಮ್ಮ ಭಾಷೆಯಲ್ಲಿ ಕೃತಿಚೋರ. ಹದಿನೆಂಟು ವರ್ಷದ ಮಕ್ಕಳು ಆಧಾರ ಕಾರ್ಡು, ಜಾತಿ ಪ್ರಮಾಣಪತ್ರ, ಹಳೆಯ ಪ್ರಶ್ನೆಪತ್ರಿಕೆ ಹಿಡಿದು ಬರುತ್ತಾರೆ, ಪ್ರತಿ ತೆಗೆದುಕೊಡುತ್ತೇನೆ. ಈ ವರ್ಷ ಬಿ.ಎ. ಓದುವವರಿಗೆ ನಿಮ್ಮ ಪ್ರಕಟಣೆಯೊಂದು ಪಠ್ಯವಾಯಿತು. ಈ ಸೀಮೆಯ ಹೆಂಗಸರ ಪದ, ಒಡಪುಗಳ ಸಂಗ್ರಹ ಅದು. ಸಂಗ್ರಹಕ್ಕೆ ಬಂದವರ ಪಗಾರ ಸರಕಾರದ್ದು, ಜೀಪು ಸರಕಾರದ್ದು, ಕಾಗದಕ್ಕೆ ಅನುದಾನ, ಅಚ್ಚಿಗೆ ಅನುದಾನ, ಬಿಡುಗಡೆಯ ದಿನದ ಹಾರ, ಶಾಲು, ಊಟಕ್ಕೂ ಅನುದಾನ. ಇಷ್ಟಾದ ಮೇಲೆ ಆ ಪುಸ್ತಕ ಅಂಗಡಿಗೆ ಬಂತೇ ಎಂದು ಕೇಳಿದರೆ, ಇಲ್ಲ. ನಿಮ್ಮ ಗೋದಾಮಿನಲ್ಲಿದೆ. ಕಾಲೇಜಿನವರು ಪತ್ರ ಬರೆದರು, ವಿತರಣೆಗೆ ಇನ್ನೂ ಅನುಮೋದನೆಯಾಗಿಲ್ಲ ಎಂದಿರಿ. ಹುಡುಗರು ಫೋನು ಮಾಡಿದರು, ಎತ್ತಲಿಲ್ಲ. ಗೋಕಾಕದ ನಿಮ್ಮ ಶಾಖೆಗೆ ಹೋದವರಿಗೆ ಸಿಪಾಯಿ ಗಾಜಿನ ಕಪಾಟಿನಲ್ಲಿಟ್ಟ ಒಂದು ಪ್ರತಿಯನ್ನು ದೂರದಿಂದ ತೋರಿಸಿದನಂತೆ. ಗೋದಾಮಿನ ಕಟ್ಟುಗಳಿಗೆ ಗೆದ್ದಲು ಹತ್ತಿದೆಯೆಂದು ಅದೇ ಸಿಪಾಯಿ ಹೇಳಿದ. ಒಟ್ಟಿನಲ್ಲಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಯಾರಾದರೂ ಇದ್ದರೆ ಅವು ಗೆದ್ದಲುಗಳೇ. ಅವುಗಳ ಮೇಲೆ ಯಾವ ಕಲಮಿನಡಿ ಪ್ರಕರಣ ಹಾಕಿದ್ದೀರಿ, ದಯವಿಟ್ಟು ತಿಳಿಸಿ.

ಕೌಜಲಗಿಯಿಂದ ಬಸ್ಸಿನಲ್ಲಿ ಓಡಾಡುವ ತಮನ್ನಾ ಎಂಬ ಹುಡುಗಿ ಹುಕ್ಕೇರಿ ಕಡೆಯ ತನ್ನ ಖಾಲಾನ, ಅಂದರೆ ಚಿಕ್ಕವ್ವನ, ಊರಿಗೆ ಹೋದಾಗ, ಅಲ್ಲಿನ ವಾಚನಾಲಯದಲ್ಲಿ ಈ ಪುಸ್ತಕದ ಒಂದು ಪ್ರತಿಯನ್ನು ಪತ್ತೆ ಹಚ್ಚಿದಳು. ಅದು ಅಲ್ಲಿಗೆ ಹೇಗೆ ತಪ್ಪಿಸಿಕೊಂಡು ಬಂತೋ ದೇವರೇ ಬಲ್ಲ. ಕೈಕಾಲು ಹಿಡಿದು ವಾರದ ಮಟ್ಟಿಗೆ ಎರವಲು ತಂದಳು. ನನ್ನ ಅಂಗಡಿಗೆ ಬಂದು, ಪಾಠಕ್ಕೆ ಇಟ್ಟ ಅಧ್ಯಾಯವೊಂದನ್ನು ಕ್ಲಾಸಿನವರಿಗೆಲ್ಲ ತೆಗೆದುಕೊಡಿ ಕಾಕಾ ಎಂದಳು. ತೆಗೆದುಕೊಟ್ಟೆ. ಪಾಠದ ಸಲುವಾಗಿ ಪ್ರತಿ ಮಾಡಿಕೊಳ್ಳುವುದಕ್ಕೆ ಕಾಯಿದೆಯಲ್ಲೇ ವಿನಾಯಿತಿ ಇದೆಯೆಂದು ಗೋಕಾಕ ಕೋರ್ಟಿನ ವಕೀಲರೊಬ್ಬರು ಆಮೇಲೆ ಹೇಳಿದರು. ನನಗೆ ಆಗ ಅದೂ ಗೊತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಿದೆ, ಪುಸ್ತಕ ಇಲ್ಲ, ಯಂತ್ರ ಇದೆ, ಅಷ್ಟೇ ಗೊತ್ತಿತ್ತು.

ಗಾಜಿನ ಮೇಲೆ ಪುಟ ಮಗುಚಿ ಹಾಕುವವರು ಏನನ್ನೂ ಓದುವುದಿಲ್ಲ, ಓದುತ್ತ ಕೂತರೆ ಹೊಟ್ಟೆ ತುಂಬುವುದಿಲ್ಲ. ಆದರೆ ಅವತ್ತು ಒಂದು ಪುಟದಲ್ಲಿ ನಮ್ಮ ಅಪ್ಪನ ಹೆಸರು ಕಂಡು ಕೈ ನಿಂತಿತು. ಇದು ಆ ಪುಟ:

ಧುಪದಾಳ ಕಟ್ಟಿ ಮ್ಯಾಲ ನಿಂತು ಬಾಗಲಾ ಎತ್ತತಾರ,
ಊರ ಮಂದಿ ಹೊಲಕ್ಕೆಲ್ಲ ಹೊಳಿ ನೀರು ಹರಸತಾರ,
ಮನ್ಯಾಗ ಕೊಡ ಬರಿದಾದ್ರ ನಾಳಿ ನೋಡೂಣು ಅಂತಾರ,
ಅಂಥಾ ಲಕ್ಕಪ್ಪನವರ ಹೆಸರ ಹೇಳತೀನಿ, ಹಾದಿ ಬಿಡ್ರಿ ನೆಗೆಣ್ಣಿಯಾರ.

ಇದನ್ನು ಇಲ್ಲಿ ಬರೆದದ್ದರಿಂದ ನನ್ನ ಮೇಲೆ ಇನ್ನೊಂದು ಪ್ರಕರಣ ಹೂಡಬಹುದು, ಜಾಗ ಬಿಟ್ಟಿದ್ದೇನೆ. ನಮ್ಮ ಅಪ್ಪ ಲಕ್ಕಪ್ಪ ಧುಪದಾಳದ ಕಟ್ಟೆಯ ಮೇಲೆ ಕಾಲುವೆಯ ಬಾಗಿಲು ಎತ್ತಿ ಇಳಿಸುವ ಕೆಲಸದಲ್ಲಿದ್ದವರು. ಮನೆಯಲ್ಲಿ ಕೊಡ ಬರಿದಾದರೂ ಎದ್ದು ಹೋಗಿ ನೀರು ತರದ ಮನುಷ್ಯ. ಹೆಂಡತಿಯ ತಕರಾರು ಇಷ್ಟೇ, ಅದನ್ನೇ ಮದುವೆ ಮನೆಯಲ್ಲಿ ನೆಗೆಣ್ಣಿಯರ, ಅಂದರೆ ವಾರಗಿತ್ತಿಯರ, ಮುಂದೆ ಒಡಪು ಕಟ್ಟಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ನಿಮ್ಮ ವಿದ್ವಾಂಸರು ಕೆಳಗೆ ಅಡಿಟಿಪ್ಪಣಿ ಬರೆದಿದ್ದಾರೆ: “ಲಕ್ಕಪ್ಪ: ಘಟಪ್ರಭಾ ತೀರದ ಜನಪದರು ಆರಾಧಿಸುವ ಜಲದೈವ. ಕಟ್ಟೆಯ ಮೇಲೆ ಪ್ರತಿಷ್ಠಿತನಾಗಿದ್ದು, ಗರ್ಭಗುಡಿಯ ಬಾಗಿಲು ತೆರೆದಾಗ ಮಳೆ ತರುತ್ತಾನೆಂಬ ನಂಬಿಕೆ. ನೀರನ್ನು ತಡೆಹಿಡಿದು ಭಕ್ತರನ್ನು ಪರೀಕ್ಷಿಸುವುದು ಈತನ ವೈಶಿಷ್ಟ್ಯ.” ಒಡಪನ್ನು ಹೇಳಿದವಳ ಹೆಸರು ಎಲ್ಲಿಯೂ ಇಲ್ಲ. “ನಿರೂಪಕಿ: ಓರ್ವ ಗ್ರಾಮೀಣ ಮಹಿಳೆ” ಎಂದಿದೆ. ಕಟ್ಟೆ ಎಂದರೆ ನೀರಿಗೆ ಅಡ್ಡ ಕಟ್ಟಿದ್ದೂ ಆಗಬಹುದೇ ಎಂದು ಒಂದು ಮಾತು ಕೇಳಿದ್ದರೆ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದ ಜಲದೈವವೇ ಎದ್ದು ಬಂದು ಹೇಳುತ್ತಿತ್ತು. ನಿಮ್ಮವರು ಧ್ವನಿಮುದ್ರಣಕ್ಕೆ ಬಂದಾಗ ಅಪ್ಪ ಇನ್ನೂ ಇದ್ದರು, ಜೀಪಿನ ಚಾಲಕನಿಗೆ ಎಲೆ ಅಡಿಕೆ ಕೊಟ್ಟವರೂ ಅವರೇ.

ಆ ಸಂಜೆ ಪುಟದ ಒಂದು ಪ್ರತಿಯನ್ನು ಮನೆಗೆ ಒಯ್ದು ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಅಕ್ಷರ ಬರುವುದಿಲ್ಲ. ಟಿಪ್ಪಣಿ ಕೇಳಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಜೀವಮಾನ ಪೂರ್ತಿ ಒಂದು ದಿನವೂ ಆ ದೇವರಿಗೆ ಪೂಜೆ ಮಾಡಲಿಲ್ಲವಲ್ಲ, ಬರೀ ಬೈದೆನಲ್ಲ ಎಂದಳು. ಒಡಪನ್ನು ಮಾತ್ರ ಇನ್ನೊಮ್ಮೆ ಓದಲು ಹೇಳಿದಳು. ಓದಿದೆ. ಕಾಗದವನ್ನು ಇಸಿದುಕೊಂಡು, ಹೆಸರು ಯಾವ ಕಡೆ ಇದೆ ತೋರಿಸೆಂದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಳು.

ಪ್ರತಿ ತೆಗೆದ ಸುದ್ದಿ ಹೇಗೋ ನಿಮ್ಮ ಕಚೇರಿಗೆ ಮುಟ್ಟಿ, ಮರುವಾರ ನಿಮ್ಮವರು ಬಂದರು. ಯಂತ್ರವನ್ನು ಹೊತ್ತೊಯ್ದರು. ನೋಟಿಸಿನ ಜೊತೆಗೆ, ನನ್ನ ತಿಳಿವಳಿಕೆ ಹೆಚ್ಚಲೆಂದು, ನುಣುಪು ಕಾಗದದ ಒಂದು ವರದಿಯನ್ನೂ ಲಗತ್ತಿಸಿದ್ದಿರಿ. ಕೃತಿಸ್ವಾಮ್ಯವನ್ನು ನಂಬಿದ ಉದ್ಯಮಗಳು ದೇಶದ ಆದಾಯಕ್ಕೆ ಎಷ್ಟು ಪಾಲು ಸೇರಿಸುತ್ತವೆ ಎಂದು ದಶಾಂಶ ಸಮೇತ ಲೆಕ್ಕ. ಕೆಲಸ ಇರಲಿಲ್ಲ, ಯಂತ್ರ ನಿಮ್ಮ ಹತ್ತಿರ ಇತ್ತು, ಹೀಗಾಗಿ ಪೂರ್ತಿ ಓದಿದೆ. ಸಿನೆಮಾ, ಸಂಗೀತ, ಜಾಹೀರಾತು, ಸಾಫ್ಟ್‌ವೇರ್ ಎಲ್ಲ ಸೇರಿಸಿದರೂ ಅಂಕಿ ದಪ್ಪ ಕಾಣಲಿಲ್ಲವೋ ಏನೋ, ಹಿಂದಿನ ಪುಟದಲ್ಲಿ “ಪರಸ್ಪರ ಅವಲಂಬಿತ ಉದ್ಯಮಗಳು” ಎಂಬ ತಲೆಬರಹದಡಿ ಝೆರಾಕ್ಸ್ ಯಂತ್ರವನ್ನೂ, ಖಾಲಿ ಕಾಗದವನ್ನೂ ಕೂಡಿಸಿಕೊಂಡಿದ್ದೀರಿ. ಅಂದರೆ ನನ್ನ ಯಂತ್ರ ವರದಿಯಲ್ಲಿ ದೇಶದ ಸಂಪತ್ತು, ನೋಟಿಸಿನಲ್ಲಿ ಕಳುವಿನ ಸಾಮಾನು. ಎರಡಕ್ಕೂ ಸಹಿ ಒಂದೇ. ಇಂಥ ಲೆಕ್ಕವನ್ನು ಗೋಕಾಕದ ಸಂತೆಯಲ್ಲಿ ಬಾಳೆಹಣ್ಣು ಮಾರುವವಳ ಮುಂದೆ ಹೇಳಿ ನೋಡಿ, ತಕ್ಕಡಿ ಎತ್ತಿ ಹಿಂದಿಟ್ಟುಕೊಂಡು ಮುಂದೆ ನಡೆಯಿರಿ ಅನ್ನುತ್ತಾಳೆ.

ಈ ಮೊದಲ ನೋಟಿಸನ್ನು ಮನೆಯಲ್ಲಿ ಓದುವಾಗ “ಕೃತಿಸ್ವಾಮ್ಯ” ಎಂಬ ಶಬ್ದ ಮತ್ತೆ ಮತ್ತೆ ಬಂತು. ಕೃತಿಸ್ವಾಮ್ಯಕ್ಕೆ ಧಕ್ಕೆ, ಕೃತಿಸ್ವಾಮ್ಯದ ರಕ್ಷಣೆ, ಕೃತಿಸ್ವಾಮ್ಯ ಅಧಿಕಾರಿಗಳ ಮುಂದೆ ಹಾಜರಿ. ಅವ್ವ ಕೇಳುತ್ತ ಕೂತವಳು ಗಂಭೀರವಾಗಿ ಕೇಳಿದಳು, “ಯಾವ ಮಠದ ಸ್ವಾಮ್ಯಾರಪಾ ಅವರು?” ನಮ್ಮ ಕಡೆ ಸ್ವಾಮ್ಯಾರೆಂದರೆ ಮಠದ ಗುರುಗಳು. ಅಲ್ಲವ್ವಾ, ಇದು ಹಕ್ಕಿನ ವಿಚಾರ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅವಳಿಗೆ ಸರಿಹೋಗಲಿಲ್ಲ. ಬಡವರ ಬಾಯಲ್ಲಿ ಬಂದ ಪದವನ್ನು ಒಯ್ದು ಇದು ನಮ್ಮದು ಅನ್ನುವ ಸ್ವಾಮ್ಯಾರು ಎಲ್ಲಿಯೂ ಇರಲಿಕ್ಕಿಲ್ಲ, ನಾನೇ ಬಂದು ಮಾತಾಡುತ್ತೇನೆ ಎಂದು ಹೊರಟಳು. ವಿಚಾರಣೆಯ ದಿನ ಮೂಡಲಗಿಯಿಂದ ಗೋಕಾಕದ ತನಕ ಬಸ್ಸಿನಲ್ಲಿ ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬಂದವಳು, ಅದನ್ನು ನಿಮ್ಮ ಶಾಖೆಯ ಅಧಿಕಾರಿಯ ಮೇಜಿನ ಮೇಲಿಟ್ಟು ನಮಸ್ಕಾರ ಮಾಡಿದಳು. ಅವರು ಅದನ್ನು ಲಂಚವೆಂದು ತಿಳಿದರೋ ಏನೋ, ಬೆರಳ ತುದಿಯಿಂದ ಸರಿಸಿ ಕಡತದ ಹಿಂದೆ ಇಟ್ಟರು.

ವಿಚಾರಣೆಯಲ್ಲಿ ನಾನು ವಾದ ಮಾಡಿದ್ದು ಇಷ್ಟು: ಈ ಒಡಪು ನನ್ನ ತಾಯಿಯದು, ಬೇಕಾದರೆ ಅವಳನ್ನೇ ಕೇಳಿ. ಅಧಿಕಾರಿಗಳು ಬೇರೆ ಸೀಮೆಯಿಂದ ಬಂದವರು, ಸಭ್ಯರು, ನಿಯಮ ಬಿಡದವರು. ಹಾಗಾದರೆ ಆಕೆಯ ಹೇಳಿಕೆ ಬರೆದುಕೊಳ್ಳೋಣ ಎಂದರು. ಗುಮಾಸ್ತ ಭೀಮೇಶ ಪೆನ್ನು ಹಿಡಿದು ಕೂತ. ಅವನು ಈ ಕಡೆಯವನೇ. ಹೆಸರು ಕೇಳಿದರು, ಅಕ್ಕವ್ವ ಎಂದಳು. ವಯಸ್ಸು ಕೇಳಿದರು, ನನ್ನ ಕಡೆ ನೋಡಿದಳು, ನಾನು ಹೇಳಿದೆ. ಮೂರನೆಯದಾಗಿ ಗಂಡನ ಹೆಸರು ಕೇಳಿದರು.

ಅವ್ವ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆದೆ. ಅಧಿಕಾರಿಗಳು ಕೈ ಎತ್ತಿ ತಡೆದು, ಹೇಳಿಕೆ ಅವರದು, ಅವರೇ ಹೇಳಬೇಕು, ನೀವು ನಡುವೆ ಬಾಯಿ ಹಾಕಿದರೆ ಹೊರಗೆ ಕಳಿಸಬೇಕಾಗುತ್ತದೆ ಎಂದರು. ಭೀಮೇಶ ತಲೆ ಎತ್ತಿ ಮೆಲ್ಲಗೆ, “ಸರ್, ನಮ್ಮ ಕಡೆ ಹೆಣ್ಮಕ್ಕಳು ಹಂಗ ಹೇಳೂದಿಲ್ರಿ,” ಎಂದ. ಅವನಿಗೂ ಸುಮ್ಮನಿರಲು ಹೇಳಿದರು. ಮತ್ತೆ ಕೇಳಿದರು, ಈ ಸಲ ಗಟ್ಟಿಯಾಗಿ, ಕಿವಿ ಮಂದವಾದವರಿಗೆ ಹೇಳುವಂತೆ, “ನಿಮ್ಮ ಗಂಡನ ಹೆಸರು ಹೇಳಿ ಅಮ್ಮಾ.” ಅವ್ವ ಅವರ ಮುಖವನ್ನು ನೋಡಿ ಖಾತ್ರಿ ಮಾಡಿಕೊಳ್ಳುವವಳಂತೆ ಕೇಳಿದಳು, “ನಾನ ಹೇಳ್ಲೇನ್ರಿ? ನನ್ನ ಬಾಯಿಲೇನ?” ಹೌದು, ನಿಮ್ಮ ಬಾಯಿಂದಲೇ ಎಂದರು.

ಮುಂದಿನದು ನಿಮ್ಮ ಕಡತದಲ್ಲೇ ಇದೆ. ಅವ್ವ ಎದ್ದು ನಿಂತಳು. ಕಂಬಕ್ಕೆ ಒರಗಿದ್ದ ಸಿಪಾಯಿ, ಝೆರಾಕ್ಸಿಗೆ ಬಂದ ಯಾವನೋ ಗುತ್ತಿಗೆದಾರ, ಪಕ್ಕದ ಕೋಣೆಯ ಟೈಪಿಸ್ಟ್ ಕಸ್ತೂರಿ, ಎಲ್ಲರ ಎದುರು, ಮದುವೆ ಮನೆಯ ಹೊಸ್ತಿಲ ಮುಂದೆ ನಿಂತ ದನಿಯಲ್ಲೇ, ಧುಪದಾಳ ಕಟ್ಟಿಯಿಂದ ಹಿಡಿದು ನೆಗೆಣ್ಣಿಯರ ತನಕ ನಾಲ್ಕೂ ಸಾಲು ಹೇಳಿದಳು. ಕಸ್ತೂರಿ ನಕ್ಕು ಸೆರಗು ಬಾಯಿಗಿಟ್ಟುಕೊಂಡರು. ಭೀಮೇಶ ನಿಯಮದ ಪ್ರಕಾರ ಹೇಳಿಕೆದಾರಳ ಮಾತನ್ನು ಅಕ್ಷರಕ್ಕೆ ಅಕ್ಷರ ಬರೆದುಕೊಂಡ. ಅಧಿಕಾರಿಗಳಿಗೆ ತಮ್ಮ ಎದುರೇ, ತಮ್ಮ ಅಪ್ಪಣೆಯ ಮೇರೆಗೇ, ತಮ್ಮ ಸಂಸ್ಥೆಯ ಕೃತಿಸ್ವಾಮ್ಯ ಉಲ್ಲಂಘನೆಯಾಯಿತೆಂದು ತಿಳಿದದ್ದು ಆಮೇಲೆ. ಆ ಹೇಳಿಕೆಯ ಮೂರು ಪ್ರತಿ ಮಾಡಿಸಿದ್ದೀರಿ. ಯಾವ ಯಂತ್ರದಲ್ಲಿ ಮಾಡಿಸಿದಿರಿ ಎಂದು ನಾನು ಕೇಳುವುದಿಲ್ಲ, ಜಪ್ತಿಯಾದ ನನ್ನ ಯಂತ್ರಕ್ಕೆ ವೈರು ಹಚ್ಚಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಹೊರಗೆ ಬಂದಾಗ ನಾನು ನಗುತ್ತಿದ್ದೆ. ಅವರಿಗೆ ಒಳ್ಳೆ ಶಾಸ್ತಿಯಾಯಿತೆಂದು ಅವ್ವನೂ ನಗುತ್ತಿರಬೇಕು ಎಂದುಕೊಂಡೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹಾಗೇ ಹೊರಗೆ ನೋಡುತ್ತ ಹೇಳಿದಳು, “ಆ ಸಾಹೇಬ ಚಲೋ ಮನಶಾ ಅದಾನಪಾ. ನಿಮ್ಮಪ್ಪ ಹೋದಮ್ಯಾಲ ಯಾರೂ ನನ್ನ ಕೇಳೇ ಇರಲಿಲ್ಲ, ಹೆಸರ ಹೇಳು ಅಂತ.”

ಮಾನ್ಯರೇ, ಒಡಪು ಮುತ್ತೈದೆಯರ ಆಟ. ಗಂಡ ಸತ್ತವಳಿಗೆ ಯಾರೂ ಹೊಸ್ತಿಲಿಗೆ ಅಡ್ಡ ನಿಲ್ಲುವುದಿಲ್ಲ, ಸುಮ್ಮನೆ ದಾರಿ ಬಿಡುತ್ತಾರೆ. ಅಪ್ಪ ಹೋದಾಗಿನಿಂದ ಎಷ್ಟು ಮದುವೆ, ಎಷ್ಟು ಕುಬಸಕ್ಕೆ ಅವ್ವ ಹೋಗಿ ಬಂದಳು. ಗೋಡೆಗೆ ಒರಗಿ ಕೂತು ಬೇರೆಯವರ ಒಡಪು ಕೇಳಿ ನಗುತ್ತಿದ್ದಳು. ಅವಳೊಳಗೆ ಒಂದು ಹೆಸರು ಹಾಗೇ ಕೂತಿದೆಯೆಂದು ಮಗನಾದ ನನಗೂ ಹೊಳೆದಿರಲಿಲ್ಲ. ಅದನ್ನು ಹೇಳೆಂದು ಕೇಳಿದ್ದು ನಿಮ್ಮ ಕಚೇರಿಯ ಒಂದು ನಮೂನೆಯ ಮೂರನೆಯ ಪ್ರಶ್ನೆ. ಅದಕ್ಕಾಗಿ ನಿಮ್ಮನ್ನು ಕ್ಷಮಿಸಿಬಿಡುವ ಮನಸ್ಸಿತ್ತು ನನಗೆ, ಖರೆ ಹೇಳುತ್ತೇನೆ. ಯಂತ್ರ ಹೋದರೆ ಹೋಗಲಿ ಎಂದುಕೊಂಡಿದ್ದೆ.

ಆಗ ಎರಡನೆಯ ನೋಟಿಸು ಬಂತು. ಇದು ನೇರ ಅವ್ವನ ಹೆಸರಿಗೆ. ವಿಚಾರಣಾಧಿಕಾರಿಗಳ ಸಮಕ್ಷಮ, ಸಾರ್ವಜನಿಕರ ಉಪಸ್ಥಿತಿಯಲ್ಲಿ, ಸಂಸ್ಥೆಯ ಸ್ವತ್ತಾದ ಪಠ್ಯವನ್ನು ಅನುಮತಿಯಿಲ್ಲದೆ ವಾಚಿಸಿದ್ದಾಳೆ; ಇನ್ನು ಮುಂದೆ ಸದರಿ ಪಠ್ಯವನ್ನು ವಾಚಿಸುವುದಾಗಲಿ, ಹಾಡುವುದಾಗಲಿ, ಪ್ರಚುರಪಡಿಸುವುದಾಗಲಿ ಮಾಡುವುದಿಲ್ಲವೆಂದು ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತತಕ್ಕದ್ದು. ಒತ್ತಿದರೆ ನನ್ನ ಯಂತ್ರ ವಾಪಸ್ಸು. ಇದನ್ನು ಬರೆದವರು ಯಾರೋ, ಅವರ ಮನೆಯಲ್ಲಿ ಹೆಂಡತಿ ಅವರನ್ನು ಏನೆಂದು ಕರೆಯುತ್ತಾಳೋ ತಿಳಿಯುವ ಆಸೆ ನನಗಿದೆ.

ಬರೆದು ಬದುಕುವವರ ಹೊಟ್ಟೆಗೆ ಹೊಡೆಯಬೇಕೆಂದು ನಾನು ಹೇಳುತ್ತಿಲ್ಲ. ರಾತ್ರಿ ನಿದ್ದೆಗೆಟ್ಟು ಕಾದಂಬರಿ ಬರೆದವನ ಪುಸ್ತಕವನ್ನು ಅಂಗಡಿಯಲ್ಲಿ ಸಿಗುತ್ತಿರುವಾಗಲೇ ಪೂರ್ತಿ ನಕಲು ಹೊಡೆದು ಮಾರಿದರೆ ಅದು ಕಳ್ಳತನವೇ, ಹಾಗೆ ಕೇಳಿಕೊಂಡು ಬಂದವರನ್ನು ನಾನು ಬೈದು ಕಳಿಸಿದ್ದೂ ಇದೆ. ಆದರೆ ಈ ಪುಸ್ತಕದ ಹಕ್ಕಿನಿಂದ ಬದುಕುತ್ತಿರುವವರು ಯಾರು? ಹಾಡಿದವರಿಗೆ ಹೆಸರೂ ಇಲ್ಲ. ಸಂಗ್ರಹಿಸಿದವರಿಗೆ ಪಗಾರ ಆಗಲೇ ಸಂದಿದೆ. ಮಾರಾಟವೇ ಇಲ್ಲದ ಮೇಲೆ ಸಂಸ್ಥೆಗೆ ನಷ್ಟವೆಲ್ಲಿಯದು? ಜ್ಞಾನ ಜನರಿಗೆ ಸೋವಿಯಾಗಿ ಸಿಗಲೆಂದು ಜನರದೇ ತೆರಿಗೆಯಿಂದ ಅನುದಾನ ಕೊಡುತ್ತಾರೆ. ನೀವು ಆ ಅನುದಾನದಿಂದ ಪುಸ್ತಕ ಮಾಡಿ, ಅದೇ ಅನುದಾನದಿಂದ ಬೀಗವನ್ನೂ ಕೊಂಡಿದ್ದೀರಿ. ತಮನ್ನಾಳ ಅಪ್ಪ ಶಮಶೇರ ಕೌಜಲಗಿಯಲ್ಲಿ ಗಾದಿ ಹೊಲಿಯುತ್ತಾರೆ, ಕೊಳ್ಳುವ ಪ್ರತಿ ದಾರದ ಉಂಡೆಗೂ ತೆರಿಗೆ ಕಟ್ಟುತ್ತಾರೆ. ಅವರ ಮಗಳಿಗೆ ಪುಸ್ತಕ ಕೊಡದೆ ಉಳಿಸಿದ ಆರ್ಥಿಕ ಮೌಲ್ಯ ನಿಮ್ಮ ವರದಿಯ ಯಾವ ಪುಟದಲ್ಲಿದೆ? ನಾನು ಹುಡುಕಿದೆ, ಸಿಗಲಿಲ್ಲ. ಅವ್ವ ಒಡಪು ಕಟ್ಟಿದ ಮೌಲ್ಯವೂ ಸಿಗಲಿಲ್ಲ. ಅದು ನೆಲದಲ್ಲಿ ಬಿದ್ದು ಸಿಕ್ಕ ಕಲ್ಲೆಂದು ತಿಳಿದಿರಬೇಕು ನೀವು, ಎತ್ತಿಕೊಂಡವರದೇ ಹಕ್ಕು.

ಹಾಗಾಗಿ ನನ್ನ ಬೇಡಿಕೆ ಇದು. ಸರಕಾರದ ಹಣದಲ್ಲಿ ಮಾಡಿದ ಆ ಪುಸ್ತಕವನ್ನು ಯಾರು ಬೇಕಾದರೂ ಓದುವಂತೆ, ಪ್ರತಿ ಮಾಡಿಕೊಳ್ಳುವಂತೆ ಬಿಡುಗಡೆ ಮಾಡಿ. ಹಾಡಿದ ಹೆಂಗಸರ ಹೆಸರು ಹುಡುಕಿ ಹಾಕಿ, ಅವರಲ್ಲಿ ಬದುಕಿರುವವರು ಇನ್ನೂ ಇದ್ದಾರೆ. ನಮ್ಮ ಅಪ್ಪನನ್ನು ದೇವರ ಹುದ್ದೆಯಿಂದ ಇಳಿಸಿ, ಅವರಿಗೆ ಇದ್ದ ಕೆಲಸವೇ ಸಾಕಾಗಿತ್ತು. ಯಂತ್ರವನ್ನು ಮಾತ್ರ ನಿಮ್ಮಲ್ಲೇ ಇಟ್ಟುಕೊಂಡರೂ ಈ ಬೇಡಿಕೆಯಲ್ಲಿ ಒಂದಕ್ಷರ ಕಡಿಮೆ ಮಾಡುವುದಿಲ್ಲ.

ಮುಚ್ಚಳಿಕೆಯ ವಿಷಯ ಉಳಿಯಿತು. ಎರಡನೆಯ ವಿಚಾರಣೆಗೆ ಕರೆ ಬಂದಿದೆ ಎಂಬಷ್ಟನ್ನು ಮಾತ್ರ ಅವ್ವನಿಗೆ ಹೇಳಿದ್ದೇನೆ. ನಿನ್ನೆ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು. ಯಾಕವ್ವಾ ಎಂದೆ. ಅವತ್ತು ಅವಸರದಲ್ಲಿ ಹಳೆಯದನ್ನೇ ಹೇಳಿಬಿಟ್ಟೆ, ಈ ಸಲ ಬೇರೆ ಒಡಪು ಕಟ್ಟಿದ್ದೇನೆ ಎಂದಳು. ಆಮೇಲೆ ಸ್ವಲ್ಪ ಅಳುಕಿನಿಂದ ಕೇಳಿದಳು, “ಈ ಸಲಾನೂ ಕೇಳ್ತಾರಲ್ಲ, ಬಾಳೇಶ? ಹೆಸರ ಹೇಳು ಅಂತ?”

ನಿಮ್ಮ ನೋಟಿಸನ್ನು ಅವಳಿಗೆ ನಾನು ಓದಿ ಹೇಳುವುದಿಲ್ಲ. ಅಷ್ಟು ಧೈರ್ಯ ನಿಮಗಿದ್ದರೆ, ಮೂಡಲಗಿಗೆ ಬಂದು, ಅವಳ ಎದುರು ಕೂತು, ನೀವೇ ಓದಿ ಹೇಳಿ.

ಇಂತಿ,
ಅಂಗಡಿಯ ಬಾಗಿಲು ದಿನಾ ತೆರೆದು ಸುಮ್ಮನೆ ಕೂತಿರುವ,
ಬಾಳೇಶ ಲಕ್ಕಪ್ಪ ಹೊಸಮನಿ
ಮೂಡಲಗಿ